ಒಂದೇ ಬೆಂಚು, ಮೂರು ಬೆಲೆ: ಡಿಗ್ರಿಗೆ ಹಾಕಿದ ದುಡ್ಡು ಹುಟ್ಟುತ್ತದೆಯೇ?

ಸಿಇಟಿ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಕೆಲವು ವರ್ಷಗಳಾದವು. ತುಮಕೂರು, ಹಾಸನ ಕಡೆಯ ಶಾಖೆಗಳಲ್ಲಿ ಬಹಳ ಕಾಲ ಸಾಲದ ಕಡತಗಳನ್ನೇ ನೋಡಿಕೊಂಡಿದ್ದವನು. ಶಿಕ್ಷಣ ಸಾಲದ ಅರ್ಜಿಗಳಿಗೆ ಸಹಿ ಹಾಕಿದ್ದೇನೆ. ಅದೇ ಸಾಲಗಳು ಕಂತು ಕಟ್ಟಲಾಗದೆ ನಿಂತಾಗ ಆ ಮನೆಗಳ ಜಗುಲಿಯ ಮೇಲೆ ಕೂತು ಅಪ್ಪ ಅಮ್ಮನ ಜೊತೆ ಮಾತಾಡಿದ್ದೂ ಇದೆ. ಹಾಗಾಗಿ ನೆಂಟರಿಷ್ಟರು ಕಾಲೇಜಿಗೆ ಸೇರಿಸುವ ಮುಂಚೆ ನನ್ನನ್ನೊಂದು ಮಾತು ಕೇಳುತ್ತಾರೆ.

ಈ ಸಲ ತಿಪಟೂರಿನ ಹತ್ತಿರದ ಹಳ್ಳಿಯಲ್ಲಿರುವ ನನ್ನ ತಂಗಿ ಮಗಳ ಓದಿನ ವಿಷಯಕ್ಕೆ ಫೋನ್ ಮಾಡಿದಳು. "ಅಣ್ಣ, ಇವಳು ಕಂಪ್ಯೂಟರ್ ಸೈನ್ಸೇ ಬೇಕು ಅಂತ ಕೂತಿದಾಳೆ. ಸಿಇಟೀಲಿ ಒಳ್ಳೆ ಕಾಲೇಜಲ್ಲಿ ಸಿಗೋ ಹಾಗಿಲ್ಲ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕೊಡ್ತಾರಂತೆ. ತೋಟದ ಮೇಲೆ ಸಾಲ ಎತ್ತಿದ್ರೆ ಆಗುತ್ತೆ ಅಂತಾರೆ ಇವರು. ಏನ್ ಮಾಡೋದು?"

ಅವಳಿಗೆ ಫೋನಿನಲ್ಲಿ ಎರಡು ಮಾತಲ್ಲಿ ಉತ್ತರ ಹೇಳಲಾಗಲಿಲ್ಲ. ಆ ಉತ್ತರವನ್ನೇ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ. ಎಂಜಿನಿಯರಿಂಗ್ ಉದಾಹರಣೆಯನ್ನೇ ಹಿಡಿದುಕೊಂಡಿದ್ದೇನೆ. ನಮ್ಮ ಕಡೆ ಮನೆಗಳು ಸಾಲಕ್ಕೆ ಬೀಳುವುದು ಹೆಚ್ಚಾಗಿ ಅದಕ್ಕೇ.

ಮೊದಲಿಗೆ ಒಂದು ತರಗತಿಯ ಒಳಗೆ ಹೋಗಿ ನೋಡಿ. ಖಾಸಗಿ ಎಂಜಿನಿಯರಿಂಗ್ ಕಾಲೇಜು, ಒಂದೇ ಬೆಂಚಿನಲ್ಲಿ ಮೂವರು ಮಕ್ಕಳು. ಒಬ್ಬಳು ಸಿಇಟಿ ಸೀಟಿನವಳು, ವರ್ಷಕ್ಕೆ ಸ್ಥೂಲವಾಗಿ ಒಂದು ಲಕ್ಷ ರೂಪಾಯಿಯ ಆಸುಪಾಸು ಕಟ್ಟುತ್ತಾಳೆ. ಪಕ್ಕದವನು ಕಾಮೆಡ್-ಕೆ, ಅಂದರೆ ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆಯ ಮೂಲಕ ಬಂದವನು, ಅವನ ಶುಲ್ಕ ಸ್ಥೂಲವಾಗಿ ಅದರ ಎರಡರಿಂದ ಎರಡೂವರೆ ಪಟ್ಟು. ಮೂರನೆಯವನು ಮ್ಯಾನೇಜ್‌ಮೆಂಟ್ ಕೋಟಾದವನು. ಬೇಡಿಕೆಯ ಶಾಖೆಯಾದರೆ ನಾಲ್ಕು ವರ್ಷಕ್ಕೆ ಹತ್ತಿಪ್ಪತ್ತು ಲಕ್ಷ, ಕೆಲವು ಕಡೆ ಅದಕ್ಕೂ ಮೇಲೆ. ಮೂವರಿಗೂ ಪಾಠ ಮಾಡುವವರು ಅದೇ ಮೇಷ್ಟ್ರು, ಪ್ರಯೋಗಾಲಯವೂ ಅದೇ, ಪ್ರಶ್ನೆ ಪತ್ರಿಕೆಯೂ ಅದೇ. ಕೊನೆಗೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಮೂವರಿಗೂ ಕೊಡುವ ಪದವಿ ಪತ್ರದಲ್ಲಿ ಯಾವ ಕೋಟಾ ಎಂದು ಬರೆದಿರುವುದಿಲ್ಲ. ಕ್ಯಾಂಪಸ್ಸಿಗೆ ಬರುವ ಕಂಪನಿ ಅದನ್ನು ಕೇಳುವುದೂ ಇಲ್ಲ.

ಡಿಗ್ರಿ ತಂದುಕೊಡುವ ಸಂಬಳ ನೀವು ಅದಕ್ಕೆ ಎಷ್ಟು ಕೊಟ್ಟಿರಿ ಎಂಬುದರ ಮೇಲೆ ನಿಂತಿಲ್ಲ. ಹಾಗಿರುವಾಗ "ಡಿಗ್ರಿಗೆ ಬೆಲೆ ಇದೆಯಾ" ಎಂದು ಒಟ್ಟಾರೆಯಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಆ ಬೆಂಚಿನ ಮೊದಲ ಹುಡುಗಿಗೆ ಅದು ಬಂಗಾರ, ಮೂರನೆಯ ಹುಡುಗನ ಮನೆಗೆ ಅದೇ ಡಿಗ್ರಿ ಹದಿನೈದು ವರ್ಷದ ಹೊರೆಯಾಗಬಹುದು.

ಈ ಮೂರು ಬೆಲೆಯ ಕಥೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ದೇಶದ ಶಿಕ್ಷಣ ಕಾನೂನಿನ ಕೆಲವು ದೊಡ್ಡ ತೀರ್ಪುಗಳು ಹುಟ್ಟಿದ್ದೇ ಇಲ್ಲಿಂದ. ಡೊನೇಷನ್ ಹಾವಳಿ ತಡೆಯಲು 1984ರಲ್ಲೇ ಕರ್ನಾಟಕ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಅದರಡಿ 1989ರಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಶುಲ್ಕ ಗೊತ್ತುಮಾಡಿದಾಗ ವರ್ಷಕ್ಕೆ ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಕನ್ನಡನಾಡಿನ ಮಕ್ಕಳಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ ಎಂದಾಯಿತು. ಆಗಲೂ ಮೂರು ಬೆಲೆಯೇ. ಆ 60,000 ಕಟ್ಟಲಾಗದ ಉತ್ತರಪ್ರದೇಶದ ವಿದ್ಯಾರ್ಥಿನಿಯೊಬ್ಬಳು ಸುಪ್ರೀಂ ಕೋರ್ಟಿಗೆ ಹೋದಳು. 1992ರ ಮೋಹಿನಿ ಜೈನ್ ತೀರ್ಪು ಶಿಕ್ಷಣ ಬದುಕುವ ಹಕ್ಕಿನ ಭಾಗ ಎಂದಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಅರ್ಧ ಸೀಟು ಸರ್ಕಾರಿ ಶುಲ್ಕಕ್ಕೆ, ಅರ್ಧ ಹೆಚ್ಚಿನ ಶುಲ್ಕಕ್ಕೆ, ಎರಡೂ ಅಂಕದ ಮೇಲೆಯೇ ಎಂಬ ವ್ಯವಸ್ಥೆ ಮಾಡಿತು. 1994ರಲ್ಲಿ ನಮ್ಮ ಸಿಇಟಿ ಶುರುವಾಯಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಆ ವ್ಯವಸ್ಥೆಯನ್ನು ತೆಗೆದುಹಾಕಿ, ಅನುದಾನವಿಲ್ಲದ ಖಾಸಗಿ ಕಾಲೇಜುಗಳು ಶುಲ್ಕ ನಿಗದಿ ಮಾಡಿಕೊಳ್ಳಬಹುದು, ಆದರೆ ಲಾಭಕೋರತನ ಮತ್ತು ಕ್ಯಾಪಿಟೇಷನ್ ಸಲ್ಲದು ಎಂದಿತು. ಈಗ ಸರ್ಕಾರ ಮತ್ತು ಕಾಲೇಜುಗಳ ನಡುವೆ ಆಗುವ ಒಮ್ಮತದ ಒಪ್ಪಂದ ಈ ಸೀಟು ಹಂಚಿಕೆ ಮತ್ತು ಶುಲ್ಕವನ್ನು ನಿರ್ಧರಿಸುತ್ತದೆ. ಬೆಂಚಿನ ಮೇಲಿನ ಮೂವರು ಹೀಗೆ ಬಂದವರು.

ಬೆಲೆಯ ಮಾತು ಇಷ್ಟು. ಕೊಂಡದ್ದಾದರೂ ಏನು? ಅರ್ಥಶಾಸ್ತ್ರಜ್ಞರಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ಅವು ಅರ್ಥವಾಗಬೇಕಾದರೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋಗಬೇಕು.

ಎತ್ತು ಕೊಳ್ಳಲು ಬಂದ ರೈತ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಹೆಗಲು ತಟ್ಟುತ್ತಾನೆ, ನಡೆಸಿ ನೋಡುತ್ತಾನೆ. ಅದು ಎತ್ತಿನ ನಿಜವಾದ ಕಸುವು. ಓದು ಮನುಷ್ಯನಿಗೆ ಕಸುವು ತುಂಬುತ್ತದೆ, ಆ ಕಸುವಿಗೇ ಸಂಬಳ ಎನ್ನುವುದು ಮೊದಲ ಉತ್ತರ. ಥಿಯೋಡರ್ ಶುಲ್ಜ್, ಗ್ಯಾರಿ ಬೆಕರ್ ಅವರು 1960ರ ದಶಕದಲ್ಲಿ ಇದನ್ನು ಮಾನವ ಬಂಡವಾಳ ಎಂದು ಕರೆದರು. ಆದರೆ ರೈತ ಅಷ್ಟಕ್ಕೇ ನಿಲ್ಲುವುದಿಲ್ಲ, ಮೈಮೇಲಿನ ಕೂದಲ ಸುಳಿಯನ್ನೂ ನೋಡುತ್ತಾನೆ. ಸುಳಿ ಉಳುವುದಿಲ್ಲ, ಗಾಡಿ ಎಳೆಯುವುದಿಲ್ಲ. ಆದರೂ ಒಳ್ಳೆಯ ಸುಳಿಯ ಎತ್ತಿಗೆ ಹೆಚ್ಚು ಬೆಲೆ. ಮಾರುವವನಿಗೆ ಎತ್ತಿನ ಗುಣ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆ ಗೊತ್ತಿಲ್ಲದ ಜಾಗದಲ್ಲಿ ಒಂದು ಗುರುತು ಬೇಕು. ಕೆಲಸದ ಸಂತೆಯಲ್ಲಿ ಡಿಗ್ರಿ ಅಂಥ ಗುರುತು ಎಂದು ಮೈಕೆಲ್ ಸ್ಪೆನ್ಸ್ 1973ರಲ್ಲಿ ತೋರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ವಾದದಲ್ಲಿ ಈ ಗುರುತು ಸುಳಿಯ ಹಾಗೆ ಬರೀ ನಂಬಿಕೆಯದ್ದಲ್ಲ. ಕಷ್ಟದ ಓದನ್ನು ಮುಗಿಸುವುದು ಶ್ರದ್ಧೆಯಿದ್ದವರಿಗೆ ಸುಲಭ, ಇಲ್ಲದವರಿಗೆ ದುಬಾರಿ. ಆದ್ದರಿಂದ ಮುಗಿಸಿದ್ದೇ ಒಂದು ಸಾಕ್ಷಿಯಾಗುತ್ತದೆ.

ಇದು ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಗುರುತಿನ ಕಷ್ಟವೆಂದರೆ ಎಲ್ಲರ ಹತ್ತಿರವೂ ಅದೇ ಗುರುತು ಬಂದಾಗ ಅದರ ಬೆಲೆ ಇಳಿಯುತ್ತದೆ. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಊರಿಗೊಬ್ಬ ಬಿ.ಇ. ಇದ್ದರೆ ಹೆಚ್ಚು. ಈಗ ಕಂಪ್ಯೂಟರ್ ಸೈನ್ಸ್ ಸೀಟುಗಳನ್ನು ಕಾಲೇಜುಗಳು ಹೆಚ್ಚಿಸುತ್ತಲೇ ಇವೆ, ಸಿವಿಲ್, ಮೆಕ್ಯಾನಿಕಲ್ ಬೆಂಚುಗಳು ಖಾಲಿ ಬೀಳುತ್ತಿವೆ. ಗುರುತು ಅಗ್ಗವಾದಾಗ ಕಂಪನಿಗಳು ಕಸುವನ್ನೇ ಪರೀಕ್ಷಿಸಲು ಶುರುಮಾಡುತ್ತವೆ. ಕೋಡಿಂಗ್ ಪರೀಕ್ಷೆ, ಎರಡು ಮೂರು ಸುತ್ತಿನ ಸಂದರ್ಶನ, ಆರು ತಿಂಗಳ ಇಂಟರ್ನ್‌ಶಿಪ್ ಎಲ್ಲ ಅದಕ್ಕೇ. ದುಡ್ಡು ಕೊಟ್ಟು ಸೀಟು ಕೊಳ್ಳಬಹುದು, ಈ ಪರೀಕ್ಷೆಗಳನ್ನು ಕೊಳ್ಳಲಾಗದು.

ಈಗ ಸಂಬಳಕ್ಕೆ ಬರೋಣ. ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ 2008ರ ಹೊತ್ತಿಗೆ ವರ್ಷಕ್ಕೆ ಮೂರು ಲಕ್ಷದ ಆಸುಪಾಸು ಕೊಡುತ್ತಿದ್ದವು. ಈಗಲೂ ಸಾಮಾನ್ಯ ಸೇರ್ಪಡೆಗೆ ಮೂರೂವರೆ ಲಕ್ಷದ ಸುತ್ತಲೇ ಇದೆ. ಆದಾಯ ತೆರಿಗೆ ಇಲಾಖೆ ಬೆಲೆ ಏರಿಕೆಯನ್ನು ಲೆಕ್ಕ ಹಾಕಲು ಪ್ರಕಟಿಸುವ ಸೂಚ್ಯಂಕ 2008-09ರಲ್ಲಿ 137 ಇದ್ದದ್ದು 2024-25ಕ್ಕೆ 363 ಆಗಿದೆ. ಆ ಲೆಕ್ಕಕ್ಕೆ ಅಂದಿನ ಮೂರು ಲಕ್ಷ ಇಂದು ಸುಮಾರು ಎಂಟು ಲಕ್ಷಕ್ಕೆ ಸಮನಾಗಬೇಕಿತ್ತು. ಆಗಲಿಲ್ಲ. ಹದಿನೈದು ವರ್ಷದ ಹಿಂದೆ ಪಕ್ಕದ ಮನೆಯ ಹುಡುಗ ಎಂಜಿನಿಯರ್ ಆಗಿ ಮನೆ ಕಟ್ಟಿಸಿದ್ದನ್ನು ನೋಡಿ ಇಂದು ಮಗನನ್ನು ಸೇರಿಸುವವರು ಈ ಒಂದು ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು ಎಂದು ನಾನು ಕೈಮುಗಿದು ಕೇಳುತ್ತೇನೆ.

ಸಾಲದ ಲೆಕ್ಕವನ್ನು ತಂಗಿಯ ಮನೆಯ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದೆ. ನಾಲ್ಕು ವರ್ಷಕ್ಕೆ ಹತ್ತು ಲಕ್ಷ, ವರ್ಷಕ್ಕೆ ಎರಡೂವರೆ ಲಕ್ಷದಂತೆ ಬಿಡುಗಡೆ, ಬಡ್ಡಿ ಶೇ 10.5 ಎಂದುಕೊಳ್ಳಿ. ಓದುವಾಗ ಮತ್ತು ಮುಗಿದ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಬಹಳ ಜನ ಅಷ್ಟು ದಿನ ಬಡ್ಡಿಯೂ ಇಲ್ಲ ಎಂದು ತಿಳಿಯುತ್ತಾರೆ. ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ, ಸರಳ ಬಡ್ಡಿಯಾಗಿ. ಮೊದಲ ವರ್ಷದ ಹಣಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಒಟ್ಟು 3,67,500 ರೂಪಾಯಿ. ಕಂತು ಶುರುವಾಗುವ ದಿನ ಸಾಲ ಹತ್ತು ಲಕ್ಷ ಅಲ್ಲ, 13,67,500. ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳ ಕಂತು ಸುಮಾರು 18,450 ರೂಪಾಯಿ, ಒಟ್ಟು ಕಟ್ಟುವುದು 22 ಲಕ್ಷದ ಮೇಲೆ. ಹದಿನೈದು ವರ್ಷಕ್ಕೆ ಎಳೆದರೆ ಕಂತು 15,100ಕ್ಕೆ ಇಳಿಯುತ್ತದೆ, ಒಟ್ಟು 27 ಲಕ್ಷ ದಾಟುತ್ತದೆ.

ಮೂರೂವರೆ ಲಕ್ಷದ ಪ್ಯಾಕೇಜಿನಲ್ಲಿ ಪಿಎಫ್ ಮುಂತಾದವು ಕಳೆದು ಕೈಗೆ ಬರುವುದು ತಿಂಗಳಿಗೆ 25,000ದ ಸುತ್ತ. ಕಂತು ಹೋದ ಮೇಲೆ ಉಳಿಯುವ ಆರೇಳು ಸಾವಿರದಲ್ಲಿ ಬೆಂಗಳೂರಿನ ಪಿಜಿ ಬಾಡಿಗೆಯೂ ಹುಟ್ಟುವುದಿಲ್ಲ. ಮಗು ಕೆಲಸದಲ್ಲಿದ್ದೂ ಊರಿನಿಂದ ಅಪ್ಪ ದುಡ್ಡು ಕಳಿಸುವ ಮನೆಗಳನ್ನು ನಾನು ಕಂಡಿದ್ದೇನೆ. ಕೆಲಸ ಸಿಕ್ಕಿದ್ದು ಸುಳ್ಳಲ್ಲ, ಮಗು ಸೋಮಾರಿಯೂ ಅಲ್ಲ. ಲೆಕ್ಕ ಮೊದಲ ದಿನವೇ ತಪ್ಪಿತ್ತು.

ಇದರಲ್ಲಿ ಮನೆಯವರ ಕೈಯಲ್ಲಿರುವ ಒಂದು ವಿಷಯವಿದೆ. ಓದುವಾಗಲೇ ಬಡ್ಡಿಯನ್ನು ಮಾತ್ರ ಕಟ್ಟುತ್ತಾ ಹೋದರೆ ಮೊದಲ ವರ್ಷ ತಿಂಗಳಿಗೆ 2,200 ರೂಪಾಯಿಯಷ್ಟು ಬೀಳುತ್ತದೆ, ನಾಲ್ಕನೆಯ ವರ್ಷ 8,750. ಹಾಗೆ ಮಾಡಿದವರಿಗೆ ಆಮೇಲಿನ ಕಂತು 13,500ರ ಸುತ್ತ ನಿಲ್ಲುತ್ತದೆ, ತಿಂಗಳಿಗೆ ಐದು ಸಾವಿರ ಉಳಿತಾಯ. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ವೃತ್ತಿಪರ ಕೋರ್ಸುಗಳಿಗೆ ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2009ರಿಂದ ಇದೆ. ಆದಾಯ ಪ್ರಮಾಣಪತ್ರ ಸಮಯಕ್ಕೆ ಕೊಡದೆ ಅದನ್ನು ಕಳೆದುಕೊಂಡವರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. 2024ರ ನವೆಂಬರ್‌ನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ (ಆರಂಭದಲ್ಲಿ 860) ಸಂಸ್ಥೆಗಳಲ್ಲಿ ಅರ್ಹತೆಯ ಮೇಲೆ ಸೀಟು ಪಡೆದವರಿಗೆ ಜಾಮೀನಿಲ್ಲದೆ ಸಾಲ ಸಿಗುತ್ತದೆ. ಎಂಟು ಲಕ್ಷದೊಳಗಿನ ಆದಾಯದವರಿಗೆ ಹತ್ತು ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ 3ರಷ್ಟು ರಿಯಾಯಿತಿಯೂ ಇದೆ.

ಡೊನೇಷನ್ನಿನ ವಿಷಯವೇ ಬೇರೆ. ಬ್ಯಾಂಕ್ ಸಾಲ ಕೊಡುವುದು ರಸೀದಿ ಇರುವ ಶುಲ್ಕಕ್ಕೆ. ರಸೀದಿಯಿಲ್ಲದೆ ಕೇಳುವ ಹಣಕ್ಕೆ ಮನೆಯ ಒಡವೆ ಹೋಗುತ್ತದೆ, ಇಲ್ಲವೇ ಕೈಸಾಲಕ್ಕೆ ಬೀಳುತ್ತಾರೆ, ಇಲ್ಲವೇ ಜಮೀನು ಅಡವಿಗೆ ಬಿದ್ದು ಪಹಣಿಯ 11ನೇ ಕಾಲಮ್ಮಿನಲ್ಲಿ ಋಣ ಏರುತ್ತದೆ. ಓದಿನ ಸಾಲಕ್ಕಿರುವ ಯಾವ ಸಡಿಲಿಕೆಯೂ ಅಲ್ಲಿಲ್ಲ. ಕಂತು ಮರುತಿಂಗಳಿಂದಲೇ ಶುರು. ಮಗು ಮೊದಲ ಸೆಮಿಸ್ಟರಿನಲ್ಲಿ ಎಡವಿ ಇಯರ್ ಬ್ಯಾಕ್ ಆದರೂ ಅಡವಿನ ಬಡ್ಡಿ ಕಾಯುವುದಿಲ್ಲ. ಅರ್ಧಕ್ಕೆ ಬಿಟ್ಟರಂತೂ ಸಾಲ ಪೂರ್ತಿ ಉಳಿಯುತ್ತದೆ, ಗುರುತು ಸಿಗುವುದೇ ಇಲ್ಲ. ಸಾಲದ ಕಡತಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಡಿಗ್ರಿ ಪಡೆದೂ ಕೆಲಸ ಸಿಗದವರದ್ದಲ್ಲ, ಹೀಗೆ ಆರು ಸೆಮಿಸ್ಟರ್ ದಾಟಿ ನಿಂತುಹೋದವರದ್ದು.

"ಡಿಗ್ರಿ ಮಾಡಿದೋರಿಗೇ ಕೆಲಸ ಇಲ್ಲ, ಓದದೋರಿಗೆ ಇದೆ" ಎನ್ನುವ ಮಾತು ಅರಳಿಕಟ್ಟೆಯಲ್ಲಿ ಕೇಳಿಬರುತ್ತದೆ. ಅಂಕಿ ನೋಡಿದರೆ ಮೇಲ್ನೋಟಕ್ಕೆ ನಿಜ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆ 2024ರಲ್ಲಿ ಹೊರತಂದ ಭಾರತ ಉದ್ಯೋಗ ವರದಿಯ ಪ್ರಕಾರ 2022ರಲ್ಲಿ ಪದವೀಧರ ಯುವಜನರ ನಿರುದ್ಯೋಗ ಶೇ 29.1, ಓದು ಬರಹ ಬಾರದ ಯುವಜನರದ್ದು ಶೇ 3.4. ಆದರೆ ಈ ಅಂಕಿಯನ್ನು ಓದುವ ಬಗೆ ಬೇರೆ. ಲೆಕ್ಕದಲ್ಲಿ ನಿರುದ್ಯೋಗಿ ಎಂದರೆ ಕೆಲಸ ಹುಡುಕುತ್ತಾ ಕಾಯುತ್ತಿರುವವನು. ಕಾಯಲು ಮನೆಯಲ್ಲಿ ಅನ್ನ ಇರಬೇಕು. ಓದದ ಬಡವ ಕಾಯುವ ಹಾಗಿಲ್ಲ, ಸಿಕ್ಕ ಕೂಲಿಗೆ ಹೋಗುತ್ತಾನೆ, ಉದ್ಯೋಗಸ್ಥ ಎಂದು ಲೆಕ್ಕಕ್ಕೆ ಸೇರುತ್ತಾನೆ. ಪದವೀಧರ ಓದಿಗೆ ತಕ್ಕ ಕೆಲಸಕ್ಕೆ ಕಾಯುತ್ತಾನೆ. ಧಾರವಾಡದ ಕೋಚಿಂಗ್ ಸೆಂಟರುಗಳ ಸುತ್ತಲಿನ ಕೋಣೆಗಳಲ್ಲಿ, ಬೆಂಗಳೂರಿನ ವಿಜಯನಗರದ ಗ್ರಂಥಾಲಯಗಳಲ್ಲಿ ಪಿಎಸ್ಐ, ಪಿಡಿಒ, ಕೆಎಎಸ್ ಅಧಿಸೂಚನೆಗೆ ಕಾದು ಕೂತ ಸಾವಿರಾರು ಮಕ್ಕಳು ಆ 29ರ ಭಾಗವೇ. ಹಾಗಾಗಿ ಈ ಅಂಕಿ ಡಿಗ್ರಿ ದಂಡ ಎಂದು ಹೇಳುವುದಿಲ್ಲ. ಡಿಗ್ರಿಯ ಖರ್ಚಿಗೆ ಶುಲ್ಕದ ಜೊತೆಗೆ ಎರಡು ಮೂರು ವರ್ಷದ ಕಾಯುವಿಕೆಯನ್ನೂ ಸೇರಿಸಿಕೊಳ್ಳಿ ಎಂದು ಹೇಳುತ್ತದೆ. ಸರ್ಕಾರವೂ ಈ ಕಾಯುವಿಕೆಯನ್ನು ಒಪ್ಪಿಕೊಂಡಂತಿದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಎರಡು ವರ್ಷದವರೆಗೆ ಕೊಡುತ್ತದೆ.

ಕಾಯುವುದನ್ನು ಲೆಕ್ಕಕ್ಕೆ ಹಿಡಿದಾಗ ಡಿಪ್ಲೊಮಾ ದಾರಿಯ ತೂಕ ತಿಳಿಯುತ್ತದೆ. ಎಸ್ಎಸ್ಎಲ್‌ಸಿ ಆದ ಮೇಲೆ ಮೂರು ವರ್ಷ ಪಾಲಿಟೆಕ್ನಿಕ್ ಓದಿದ ಹುಡುಗಿ ಹತ್ತೊಂಬತ್ತಕ್ಕೇ ದುಡಿಯಬಲ್ಲಳು. ಪಿಯುಸಿ ಮತ್ತು ಬಿ.ಇ. ಮುಗಿಸುವವಳಿಗೆ ಇಪ್ಪತ್ತೆರಡಾಗಿರುತ್ತದೆ. ತಿಂಗಳಿಗೆ 15,000 ಎಂದರೂ ಆ ಮೂರು ವರ್ಷದ ದುಡಿಮೆ 5,40,000 ರೂಪಾಯಿ. ಇದು ರಸೀದಿಯಲ್ಲಿ ಕಾಣದ ಶುಲ್ಕ. ಡಿಪ್ಲೊಮಾ ಆದವರಿಗೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿ.ಇ.ಗೆ ಸೇರುವ ಬಾಗಿಲೂ ತೆರೆದೇ ಇದೆ. ಡೆನ್ಮಾರ್ಕ್ ಸರ್ಕಾರದ ಸಹಕಾರದಲ್ಲಿ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜನ ಜಿಟಿಟಿಸಿ ಎನ್ನುವ ಸಂಸ್ಥೆ, ಈಗ ಹಲವು ಜಿಲ್ಲೆಗಳಲ್ಲಿದೆ. ಅಲ್ಲಿ ಟೂಲ್ ಅಂಡ್ ಡೈ ಕಲಿತ ಮಕ್ಕಳು ಯಂತ್ರದ ಮುಂದೆ ನಿಂತು ಕಲಿತವರು. ಕಸುವು ಕಣ್ಣಿಗೆ ಕಾಣುವ ಕೆಲಸವಾದ್ದರಿಂದ ಕಾರ್ಖಾನೆಯವರಿಗೆ ಅಲ್ಲಿ ಗುರುತಿನ ಹಂಗು ಕಡಿಮೆ. ನಮ್ಮ ಜನ ಇದನ್ನು ಎರಡನೇ ದರ್ಜೆಯ ದಾರಿ ಎಂದು ನೋಡುವುದು ನನಗೆ ಬೇಸರದ ಸಂಗತಿ.

ಹಾಗಂತ ಡಿಗ್ರಿ ಬೇಡ ಎನ್ನುವವರ ಸಾಲಿಗೆ ನಾನು ಸೇರಲಾರೆ. ಕೆಲವು ಬಾಗಿಲುಗಳಿಗೆ ಅದೊಂದೇ ಬೀಗದಕೈ. ಪಿಡಿಒ, ಪಿಎಸ್ಐ, ಕೆಎಎಸ್, ಬ್ಯಾಂಕ್ ಅಧಿಕಾರಿ ಯಾವುದಕ್ಕೂ ಪದವಿಯಿಲ್ಲದೆ ಅರ್ಜಿಯನ್ನೇ ಹಾಕುವಂತಿಲ್ಲ. ಆ ಅರ್ಹತೆಗೆ ದುಬಾರಿ ಕಾಲೇಜು ಬೇಕಿಲ್ಲ. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಿ.ಎ., ಬಿ.ಕಾಂ. ಸಾಕು, ದುಡಿಯುತ್ತಲೇ ಓದುವವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯವಿದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಸಂಬಳದ ತಕ್ಕಡಿ ಸಾಲುವುದೇ ಇಲ್ಲ. ಹದಿನೆಂಟು ತುಂಬುತ್ತಲೇ ಗಂಡು ನೋಡುವ ಮನೆಯಲ್ಲಿ "ಇನ್ನೂ ಓದ್ತಾ ಇದಾಳೆ" ಎನ್ನುವ ಒಂದು ಮಾತು ಮೂರು ವರ್ಷದ ಬಿಡುವು ತಂದುಕೊಡುತ್ತದೆ. ಆ ಮೂರು ವರ್ಷದಲ್ಲಿ ಅವಳು ಒಬ್ಬಳೇ ಬಸ್ ಹತ್ತುತ್ತಾಳೆ, ಬ್ಯಾಂಕಿಗೆ ಬಂದು ಸ್ಕಾಲರ್‌ಶಿಪ್ ಖಾತೆ ತೆರೆಯುತ್ತಾಳೆ, ಫಾರಂ ತುಂಬಲು ಅಪ್ಪನನ್ನು ಕಾಯುವುದಿಲ್ಲ. ನನ್ನ ಶಾಖೆಯ ಕೌಂಟರಿನ ಮುಂದೆ ಇದನ್ನು ಕಣ್ಣಾರೆ ಕಂಡಿದ್ದೇನೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನ ಪ್ರಯಾಣ ಹೆಣ್ಣುಮಕ್ಕಳಿಗೆ ಉಚಿತವಾದ ಮೇಲೆ ತಾಲ್ಲೂಕು ಕಾಲೇಜಿನ ಡಿಗ್ರಿಗೆ ಅವರ ಮನೆಯಿಂದ ಹೋಗುವ ಹಣ ಇನ್ನಷ್ಟು ಕಡಿಮೆಯಾಗಿದೆ. ಅಷ್ಟು ಕಡಿಮೆ ಖರ್ಚಿಗೆ ಅಷ್ಟು ದೊಡ್ಡ ಬದಲಾವಣೆ ತರುವ ಬೇರೆ ಹೂಡಿಕೆಯನ್ನು ನಾನು ಕಂಡಿಲ್ಲ.

ತಂಗಿಯ ಮಗಳಿಗೆ ನಾನು ಕೂರಿಸಿಕೊಂಡು ತೋರಿಸಿದ್ದು ಕಾಲೇಜಿನ ಫ್ಲೆಕ್ಸ್ ಬೋರ್ಡಿನಲ್ಲಿಲ್ಲದ ಅಂಕಿಗಳನ್ನು. ಬೋರ್ಡಿನಲ್ಲಿ 40 ಲಕ್ಷದ ಪ್ಯಾಕೇಜ್ ಪಡೆದ ಒಬ್ಬ ಹುಡುಗನ ಫೋಟೊ ಇರುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್ಐಆರ್‌ಎಫ್ ರ‍್ಯಾಂಕಿಂಗಿಗೆ ಕಾಲೇಜುಗಳು ಸಲ್ಲಿಸುವ ದಾಖಲೆಯಲ್ಲಿ ಬೇರೆಯದೇ ಇರುತ್ತದೆ: ಎಷ್ಟು ಜನ ಸೇರಿದರು, ಎಷ್ಟು ಜನ ಸರಿಯಾದ ಅವಧಿಯಲ್ಲಿ ಮುಗಿಸಿದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಅವರ ಮಧ್ಯಕ ಸಂಬಳ ಎಷ್ಟು. ಮಧ್ಯಕ ಎಂದರೆ ಕೆಲಸ ಸಿಕ್ಕವರನ್ನೆಲ್ಲ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದಾಗ ಸರಿಯಾಗಿ ನಡುವೆ ನಿಂತ ಮಗುವಿನ ಸಂಬಳ. 40 ಲಕ್ಷದ ಒಬ್ಬ ಬಂದು ಸಾಲಿನ ತುದಿಯಲ್ಲಿ ನಿಂತರೂ ನಡುವಿನವನ ಸಂಬಳ ಅಲ್ಲಾಡುವುದಿಲ್ಲ. ಕಾಲೇಜುಗಳು ತಾವೇ ಕೊಟ್ಟ ಅಂಕಿ ಅದು, ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ನಾವು ನೋಡಿದ ಒಂದು ಕಾಲೇಜಿನಲ್ಲಿ ಆ ಮಧ್ಯಕ, ತಂಗಿಗೆ ಕೇಳಿದ್ದ ಒಂದು ವರ್ಷದ ಮ್ಯಾನೇಜ್‌ಮೆಂಟ್ ಶುಲ್ಕಕ್ಕಿಂತ ಕಡಿಮೆ ಇತ್ತು. ಹುಡುಗಿ ಸುಮ್ಮನೆ ಪರದೆ ನೋಡುತ್ತಾ ಕೂತಳು.

"ಹಾಗಾದ್ರೆ ನಂಗೆ ಇಷ್ಟವಾದದ್ದು ಓದೋ ಹಾಗೇ ಇಲ್ವಾ ಮಾಮ?" ಎಂದು ಕೇಳಿದಳು.

ಅವಳ ಪ್ರಶ್ನೆಗೆ ಬೆಲೆ ಕೊಡಲೇಬೇಕಿತ್ತು. ಇಷ್ಟದ ಓದು ಮುಗಿಯುತ್ತದೆ, ಇಷ್ಟವಿಲ್ಲದ್ದು ಅರ್ಧಕ್ಕೆ ನಿಲ್ಲುವ ಭಯವಿದೆ. ಇಬ್ಬರೂ ಕೂತು ಆಪ್ಷನ್ ಎಂಟ್ರಿಯ ಪಟ್ಟಿಯನ್ನು, ಅಂದರೆ ಬೇಕಾದ ಕಾಲೇಜು, ಶಾಖೆಗಳನ್ನು ಆದ್ಯತೆಯ ಕ್ರಮದಲ್ಲಿ ಸೂಚಿಸುವ ಪಟ್ಟಿಯನ್ನು ಮತ್ತೆ ಮಾಡಿದೆವು. ಬೆಂಗಳೂರು ಬಿಟ್ಟು ಹಾಸನ, ಮೈಸೂರು, ದಾವಣಗೆರೆ, ಶಿವಮೊಗ್ಗದ ಕಾಲೇಜುಗಳನ್ನು ಸೇರಿಸಿದೆವು. ಸರ್ಕಾರಿ ಕಾಲೇಜಾದರೆ ವರ್ಷಕ್ಕೆ ಸ್ಥೂಲವಾಗಿ 40,000ದಲ್ಲಿ ಮುಗಿಯುತ್ತದೆ. ಮನೆಯ ಆದಾಯ ಎಂಟು ಲಕ್ಷದೊಳಗಿದ್ದದ್ದರಿಂದ ಬೋಧನಾ ಶುಲ್ಕದ ವಿನಾಯಿತಿಯ ಎಸ್ಎನ್‌ಕ್ಯು ಸೀಟಿಗೂ ಒಪ್ಪಿಗೆ ಗುರುತು ಹಾಕಿದೆವು. ಪ್ರತಿ ಶಾಖೆಯಲ್ಲೂ ಇದಕ್ಕೆಂದು ಶೇ 5ರವರೆಗೆ ಹೆಚ್ಚುವರಿ ಸೀಟುಗಳಿರುತ್ತವೆ. ಹಿಂದುಳಿದ ವರ್ಗದ ಕುಟುಂಬಗಳಿಗೆ ದೇವರಾಜ ಅರಸು ನಿಗಮದ ಅರಿವು ಸಾಲ ಶೇ 2ರ ಬಡ್ಡಿಗೆ ಸಿಗುತ್ತದೆ ಎಂಬುದನ್ನೂ ಭಾವನವರಿಗೆ ಬರೆದುಕೊಟ್ಟೆ. ಶೇ 10.5 ಎಲ್ಲಿ, ಶೇ 2 ಎಲ್ಲಿ.

ಮೊದಲ ಸುತ್ತಿನಲ್ಲಿ ಬಂದ ಸೀಟನ್ನು ಹಿಡಿದಿಟ್ಟುಕೊಂಡು ಮುಂದಿನ ಸುತ್ತಿಗೂ ನಿಲ್ಲುವ ಎರಡನೇ ಚಾಯ್ಸ್ ಒತ್ತಿದಳು. ಎರಡನೇ ಸುತ್ತಿನಲ್ಲಿ ಹಾಸನದ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕಿತು. ಕಂಪ್ಯೂಟರ್ ಸೈನ್ಸ್ ಅಲ್ಲ, ಆದರೆ ಕೋಡಿಂಗ್ ಕಲಿಯಲು ಯಾರ ಅಡ್ಡಿಯೂ ಇಲ್ಲ. ಹೋದ ವಾರ ಹಾಸ್ಟೆಲ್ಲಿಗೆ ಬಿಡಲು ಭಾವ, ತಂಗಿ, ನಾನು ಮೂವರೂ ಹೋಗಿದ್ದೆವು. ಬರುವಾಗ ತಂಗಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದು, ಸಾಲಕ್ಕೆಂದು ತೆಗೆಸಿಟ್ಟಿದ್ದ ತೋಟದ ಪಹಣಿಯನ್ನು ಮಡಿಸಿ ಬೀರುವಿನಲ್ಲಿಟ್ಟಳು. ಅದರ 11ನೇ ಕಾಲಂ ಖಾಲಿಯಾಗಿಯೇ ಇತ್ತು.